ಕಿಲ್ಟಿನ ಮೇಲೆ ಶಕುಂತಲಾಳ ಡಾಬು

ಕಳೆದ ಜುಲೈ ತಿಂಗಳ ಮೂರನೆಯ ಶನಿವಾರ, ಡೆಟ್ರಾಯ್ಟ್ ಹೊರವಲಯದ ಮೈದಾನವೊಂದರಲ್ಲಿ, ನಾನು ಸ್ಕಾಟ್ಲೆಂಡಿನ ಗಂಡಸರು ಉಡುವ ಕಿಲ್ಟ್ ಉಟ್ಟು, ಅದರ ಮೇಲೆ ನನ್ನ ಹೆಂಡತಿಯ ಮದುವೆಯ ಬೆಳ್ಳಿ ಡಾಬು ಕಟ್ಟಿಕೊಂಡು, ಡ್ರಮ್ ಬಾರಿಸುತ್ತ ಸಾರ್ವಜನಿಕರ ಮುಂದೆ ನಡೆದುಹೋದೆ. ಹುಬ್ಬಳ್ಳಿಯ ಪತ್ರಿಕೆಯೊಂದರ ಸುದ್ದಿಮನೆಯಲ್ಲಿ ಬಹಳ ವರ್ಷ ಕೆಲಸ ಮಾಡಿದವನು ನಾನು. ಯಾರು, ಏನು, ಎಲ್ಲಿ, ಯಾವಾಗ ಎಂಬುದೆಲ್ಲ ಮೊದಲ ವಾಕ್ಯದಲ್ಲೇ ಬಂದುಬಿಡಬೇಕು ಎಂದು ಹೊಸ ವರದಿಗಾರರಿಗೆ ಹೇಳಿ ಹೇಳಿ ಅದು ಈಗ ನನ್ನ ಚಟವೇ ಆಗಿದೆ. ಮನೆಯಲ್ಲಿ ಹಾಲು ಉಕ್ಕಿದರೂ ಅದೇ ಕ್ರಮದಲ್ಲಿ ಹೇಳುತ್ತೇನೆ, ಅಷ್ಟರಲ್ಲಿ ಹಾಲು ಪೂರ್ತಿ ಚೆಲ್ಲಿರುತ್ತದೆ. ಮೇಲಿನ ವಾಕ್ಯದಲ್ಲಿ ನಾಲ್ಕಕ್ಕೂ ಉತ್ತರವಿದೆ. ಯಾಕೆ ಎಂಬುದೊಂದು ಉಳಿದಿದೆ. ಅದಕ್ಕೆ ಒಂದು ವಾಕ್ಯ ಸಾಲದು.

ನಾನು ಅಮೆರಿಕಕ್ಕೆ ಬಂದದ್ದು ಹೆಂಡತಿಯ ಹಿಂದೆ. ಶಕುಂತಲಾ ಮಕ್ಕಳ ಡಾಕ್ಟರು. ಅವಳಿಗೆ ಶಿಕಾಗೋ ಕಡೆ ಕೆಲಸ ಸಿಕ್ಕಿತು, ನಾನು ಸಾಮಾನಿನ ಜೊತೆ ಬಂದೆ. ಈಗ ನೇಪರ್‌ವಿಲ್ಲಿನ ಮನೆಯಲ್ಲಿ ಕೂತು ಕಂಪನಿಯೊಂದಕ್ಕೆ ಯಂತ್ರಗಳ ಕೈಪಿಡಿ ಬರೆಯುತ್ತೇನೆ. ಯಾವ ಗುಂಡಿ ಒತ್ತಿದರೆ ಏನಾಗುತ್ತದೆ, ಯಾವುದನ್ನು ಒತ್ತಬಾರದು ಎಂದು ತಿಳಿಸುವ ಈ ಬರವಣಿಗೆಯಲ್ಲಿ ವಿಶೇಷಣಗಳಿಗೆ ಜಾಗವಿಲ್ಲ, ಹಾಗಾಗಿ ನನಗೆ ಒಗ್ಗಿದೆ. ನಮ್ಮ ಬಡಾವಣೆಯಲ್ಲಿ ಮೂರು ಮನೆ ಆಚೆ ಐಲೀನ್ ಎಂಬ ಹೆಂಗಸಿದ್ದಾರೆ. ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು, ಪೂರ್ವಿಕರು ಸ್ಕಾಟ್ಲೆಂಡಿನವರು. ಸಂಜೆ ಗರಾಜಿನ ಬಾಗಿಲು ತೆರೆದು ಬ್ಯಾಗ್‌ಪೈಪ್ ಊದುತ್ತಾರೆ. ಅವರು ಚೀಲಕ್ಕೆ ಗಾಳಿ ತುಂಬಿದ ಕೂಡಲೇ ಬೀದಿಯ ಕಿಟಕಿಗಳು ಒಂದೊಂದಾಗಿ ಮುಚ್ಚುತ್ತವೆ. ಕಿಟಕಿ ಮುಚ್ಚುವ ಬದಲು ಎದ್ದು ಅತ್ತ ಹೋದವನು ನಾನೊಬ್ಬನೇ. ಹೈಸ್ಕೂಲಿನ ಎನ್‌ಸಿಸಿ ಬ್ಯಾಂಡಿನಲ್ಲಿ ಸೈಡ್ ಡ್ರಮ್ ಬಾರಿಸಿದವನಿಗೆ ಆ ಸದ್ದು ಗಣರಾಜ್ಯೋತ್ಸವದ ಬೆಳಗಿನ ಚಳಿಯನ್ನೂ ಪೆರೇಡ್ ಮುಗಿದ ಮೇಲೆ ಕೊಡುತ್ತಿದ್ದ ಬೂಂದಿ ಉಂಡೆಯನ್ನೂ ಒಟ್ಟಿಗೆ ತಂದುಕೊಟ್ಟಿತು. ಹಾಗೆಂದು ಐಲೀನ್‌ಗೆ ಹೇಳಿದೆ. ಉಂಡೆಯ ಭಾಗ ಅವರಿಗೆ ಅರ್ಥವಾಗಲಿಲ್ಲ. ಡ್ರಮ್ಮಿನ ಭಾಗ ಅರ್ಥವಾಯಿತು. ಕೈಗೆ ಎರಡು ಕಡ್ಡಿ ಕೊಟ್ಟು ಗುರುವಾರ ತಮ್ಮ ಬ್ಯಾಂಡಿನ ಪ್ರಾಕ್ಟೀಸಿಗೆ ಬಾ ಎಂದರು.

ಡ್ರಮ್ ಬಂದ ಹಿಂದೆಯೇ ಕಿಲ್ಟ್ ಬಂತು. ಬ್ಯಾಂಡಿನ ಸಮವಸ್ತ್ರ ಅದು. ಮೊದಲ ಸಲ ಉಡುವಾಗ ನನಗೆ ಯಾವ ಸಂಕೋಚವೂ ಆಗಲಿಲ್ಲ. ಮನೆಯಲ್ಲಿ ಲುಂಗಿ, ಮದುವೆ ಮುಂಜಿಗೆ ಧೋತರ, ನಡುವೆ ಯಾವಾಗಲೋ ಪ್ಯಾಂಟು ಎಂದು ಬೆಳೆದವನಿಗೆ ಬಟ್ಟೆಯನ್ನು ಸೊಂಟಕ್ಕೆ ಸುತ್ತಿಕೊಳ್ಳುವುದು ಹೊಸದಲ್ಲ. ಹೊಸದೆನಿಸಿದ್ದು ನಿರಿಗೆ. ನಮ್ಮವರು ನಿರಿಗೆಯನ್ನು ಮುಂದೆ ಹಿಡಿಯುತ್ತಾರೆ, ಅವರು ಹಿಂದಕ್ಕೆ ಬಿಡುತ್ತಾರೆ. ಕೂರುವ ಮೊದಲು ಅದನ್ನು ಕೈಯಿಂದ ಸವರಿ ಕೂರಬೇಕು. ನಾನು ಹಾಗೆ ಸವರಿಕೊಂಡು ಸೋಫಾದ ಮೇಲೆ ಕೂತದ್ದನ್ನು ನೋಡಿ ಶಕುಂತಲಾ, “ನಮ್ಮ ಅತ್ತಿಯವರ ನೆನಪಾತು ನೋಡ್ರಿ,” ಎಂದಳು. ಅತ್ತೆ ಎಂದರೆ ನನ್ನ ತಾಯಿ. ಇನ್ನು ಕಿಲ್ಟಿನ ಒಳಗೆ ಏನು ಎಂದು ಕೇಳುವವರಿಗೆ, ಹೆಸರು ಹೇಳಲಿಚ್ಛಿಸದ ಮೂಲಗಳಿಂದ ತಿಳಿದುಕೊಳ್ಳಿ ಎಂದಷ್ಟೇ ಹೇಳುತ್ತೇನೆ.

ನಾನು ಎಡವಿದ್ದು ಬೆಲ್ಟಿನಲ್ಲಿ. ಕಿಲ್ಟಿನ ಮೇಲೆ ಅಂಗೈ ಅಗಲದ ಚರ್ಮದ ಬೆಲ್ಟು, ಅದಕ್ಕೊಂದು ದೊಡ್ಡ ಬಕಲ್ಲು ಇರುತ್ತದೆ. ಸೊಂಟದ ಮೇಲಿನದು ಯಾವುದೂ ಬಿಗಿದು ಕಟ್ಟದೆ ನಿಲ್ಲುವುದಿಲ್ಲ ಎಂಬುದು ಹುಟ್ಟಿನಿಂದ ಉಡಿದಾರ ಕಟ್ಟಿಕೊಂಡ ಜನಾಂಗದ ನಂಬಿಕೆ. ಆದ್ದರಿಂದ ಮೊದಲ ಪ್ರಾಕ್ಟೀಸಿನ ದಿನ ನಾನು ಆ ಬೆಲ್ಟನ್ನು ಕೊನೆಯ ತೂತಿನವರೆಗೆ ಎಳೆದು ಬಿಗಿದೆ. ಎರಡನೆಯ ಹಾಡಿನ ಹೊತ್ತಿಗೆ ಉಸಿರು ಎದೆಯ ಮೇಲ್ಭಾಗದಲ್ಲಿ ಮಾತ್ರ ಓಡಾಡುತ್ತಿತ್ತು. ಐಲೀನ್ ನಿಲ್ಲಿಸಿ, ಯಾಕೆ ಮುಖ ಹೀಗಾಗಿದೆ ಎಂದು ಕೇಳಿದರು. ಕಿಲ್ಟ್ ಬೀಳಬಾರದಲ್ಲ ಎಂದೆ. ಕಿಲ್ಟನ್ನು ಹಿಡಿದಿರುವುದು ಪಕ್ಕದಲ್ಲಿರುವ ಪುಟ್ಟ ಪಟ್ಟಿಗಳು, ಬೆಲ್ಟು ಯಾವುದನ್ನೂ ಹಿಡಿದಿರುವುದಿಲ್ಲ ಎಂದರು. ಹಾಗಾದರೆ ಅದು ಯಾಕಿದೆ ಎಂದೆ. “ನೋಡಲಿಕ್ಕೆ,” ಎಂದರು. ಈ ಉತ್ತರ ಆ ದಿನ ನನಗೆ ಹಗುರವಾಗಿ ಕಂಡಿತು.

ಬ್ಯಾಂಡಿನಲ್ಲಿ ಸ್ಕಾಟ್ಲೆಂಡಿನ ರಕ್ತ ಅರ್ಧದಷ್ಟು ಜನಕ್ಕೂ ಇಲ್ಲ. ಅದಕ್ಕೇ ಐಲೀನ್ ಒಂದು ಪದ್ಧತಿ ಮಾಡಿದ್ದಾರೆ. ವರ್ಷಕ್ಕೊಮ್ಮೆ ಡೆಟ್ರಾಯ್ಟ್ ಬಳಿ ನಡೆಯುವ ಸ್ಕಾಟಿಷ್ ಕ್ರೀಡೋತ್ಸವದ ಮೆರವಣಿಗೆಯಲ್ಲಿ ಕಿಲ್ಟ್ ಎಲ್ಲರದೂ ಒಂದೇ, ಬೆಲ್ಟು ಮತ್ತು ಬಕಲ್ಲು ಮಾತ್ರ ಅವರವರ ಜನರದು. ಟೆಕ್ಸಾಸ್ ಕಡೆಯಿಂದ ಬಂದ ರಾಮಿರೋ, ಕುದುರೆ ಸವಾರಿಯ ಸ್ಪರ್ಧೆಯಲ್ಲಿ ಅವನಜ್ಜ ಗೆದ್ದ, ತಟ್ಟೆಯಷ್ಟು ದೊಡ್ಡ ಬಕಲ್ಲು ಹಾಕುತ್ತಾನೆ. ಊಟಕ್ಕೆ ಕೂತಾಗ ಅದು ಅವನಿಗಿಂತ ಮೊದಲು ಮೇಜಿಗೆ ತಾಗುತ್ತದೆ. ಪೋಲೆಂಡಿನ ಬೆಟ್ಟದ ಸೀಮೆಯ ಬೊಝೆನಾ, ಅವರಪ್ಪನ ಬೆಲ್ಟು ತರುತ್ತಾಳೆ. ಹೊಟ್ಟೆಯನ್ನೆಲ್ಲ ಮುಚ್ಚುವ ಆ ಚರ್ಮಕ್ಕೆ ಒಂದರ ಕೆಳಗೊಂದು ಹಿತ್ತಾಳೆ ಬಕಲ್ಲು. “ನೀನು ನಿನ್ನ ಜನರದ್ದು ತಾ,” ಎಂದು ಐಲೀನ್ ನನಗೆ ಹೇಳಿದರು.

ನನ್ನ ಜನರದ್ದು ಯಾವುದು? ಸುದ್ದಿಮನೆಯವನ ಹಾಗೆ ಮೊದಲು ಕಣ್ಣಾರೆ ಕಂಡದ್ದನ್ನು ನೆನಪಿಸಿಕೊಂಡೆ. ಶಾಲೆಗೆ ಹಾಕಿಕೊಂಡು ಹೋದದ್ದು ಪಟ್ಟೆಪಟ್ಟೆಯ ಎಲಾಸ್ಟಿಕ್ ಬೆಲ್ಟು, ಹಾವಿನ ಆಕಾರದ ಕೊಂಡಿ. ಎನ್‌ಸಿಸಿಯಲ್ಲಿ ಹಿತ್ತಾಳೆ ಬಕಲ್ಲು. ಎರಡೂ ಬ್ರಿಟಿಷರು ಬಿಟ್ಟುಹೋದದ್ದು. ಅದನ್ನೇ ತಿರುಗಿ ಕಿಲ್ಟಿನ ಮೇಲೆ ಕಟ್ಟಿದರೆ ಅವರ ವಸ್ತು ಅವರಿಗೇ ಮುಟ್ಟಿಸಿದಂತೆ. ಅಪ್ಪಟ ನಮ್ಮದು ಎಂದರೆ ಉಡಿದಾರ ಒಂದೇ. ಆದರೆ ಅದನ್ನು ಜನರಿಗೆ ತೋರಿಸಬೇಕಾದರೆ ಕಿಲ್ಟ್ ಎತ್ತಬೇಕಾಗುತ್ತದೆ.

ಪಕ್ಕದ ಊರು ಬೋಲಿಂಗ್‌ಬ್ರೂಕಿನಲ್ಲಿ ಡ್ರೈಕ್ಲೀನಿಂಗ್ ಮತ್ತು ಆಲ್ಟರೇಷನ್ ಅಂಗಡಿ ಇಟ್ಟಿರುವ ಬಶೀರ್ ನನ್ನ ಗೆಳೆಯ, ಹಾವೇರಿಯವನು. ಸಲಹೆ ಕೇಳಲು ಅವನಲ್ಲಿಗೆ ಹೋದೆ. ಅವನು ಎಲ್ಲ ಕೇಳಿ, ಒಳಗಿನ ಗೋಡೆಯ ಮೊಳೆಗೆ ನೇತುಹಾಕಿದ್ದ ಹಸಿರು ಬೆಲ್ಟೊಂದನ್ನು ತಂದು ಕೌಂಟರಿನ ಮೇಲಿಟ್ಟ. ಕರಾವಳಿಯ ಪೇಟೆಗಳಲ್ಲಿ ವ್ಯಾಪಾರಸ್ಥರು ಲುಂಗಿಯ ಮೇಲೆ ಕಟ್ಟುತ್ತಿದ್ದ, ಜೇಬುಗಳಿರುವ ಅಗಲದ ಬೆಲ್ಟು.

“ಭಟ್ಕಳದಾಗಿನ ನಮ್ಮ ಮಾಮಾಂದು, ಎಡಿಟರ್ ಸಾಹೇಬ್ರ. ನೋಡ್ರಿ, ಇದ್ರಾಗ ಕಿಸೆ ಐತಿ. ನಿಮ್ಮ ಆ ಸ್ಕಾಟ್ಲೆಂಡಿನವ್ರು ಮುಂದ ಒಂದು ಚೀಲಾ ಇಳಿಬಿಟ್ಟಿರ್ತಾರಲ್ಲ, ಅದು ಯಾಕ?”

“ಕಿಲ್ಟಿಗೆ ಕಿಸೆ ಇಲ್ಲ, ಅದಕ್ಕ.”

“ಬೆಲ್ಟಿಗೇ ಕಿಸೆ ಹೊಲಿಯೂದು ತಿಳೀಲಿಲ್ಲೇನು ಅವ್ರಿಗೆ? ಅಷ್ಟು ದೊಡ್ಡ ಜಗತ್ತು ಸುತ್ತಿ ಬಂದಾರ, ನಮ್ಮ ಮಾಮಾನ ಅಂಗಡಿ ಮುಂದ ಹಾದಿಲ್ಲ ಅಂತ ಕಾಣ್ತದ.”

ವಾದ ಬಲವಾಗಿತ್ತು. ಆದರೆ ಆ ಹಸಿರು ನಮ್ಮ ಕಿಲ್ಟಿನ ಕೆಂಪು ಚೌಕಳಿಯ ಮೇಲೆ ಟ್ರಾಫಿಕ್ ದೀಪದಂತೆ ಕಾಣುತ್ತಿತ್ತು. ಯೋಚಿಸಿ ಹೇಳುತ್ತೇನೆ ಎಂದು ಬಂದೆ. “ಯೋಚನಿ ಮಾಡ್ರಿ, ಅದೇನ್ ಓಡಿ ಹೋಗಂಗಿಲ್ಲ,” ಎಂದು ಬಶೀರ್ ಅದನ್ನು ಮೊಳೆಗೆ ತೂಗುಹಾಕಿದ.

ಮನೆಗೆ ಬಂದಾಗ ಊಟದ ಮೇಜಿನ ಮೇಲೆ ಡಾಬು ಇತ್ತು. ಶಕುಂತಲಾಳ ಮದುವೆಯಲ್ಲಿ ಅವಳ ತಾಯಿ ಬಾಗಲಕೋಟೆಯ ಮನೆಯಲ್ಲಿ ತಮ್ಮ ಕೈಯಾರೆ ಅವಳ ಸೊಂಟಕ್ಕೆ ಕಟ್ಟಿದ್ದು. ಬೆಳ್ಳಿ ಕೊಂಡಿಗಳ ಅಗಲದ ಪಟ್ಟಿ, ನಡುವೆ ಬಿಲ್ಲೆ, ಬಿಲ್ಲೆಯ ಮೇಲೆ ಮುಖಾಮುಖಿ ನಿಂತ ಎರಡು ನವಿಲು. ಮಗಳು ಹುಟ್ಟಿದ ಮೇಲೆ ಅದು ಶಕುಂತಲಾಳಿಗೆ ಸುತ್ತು ಬರಲಿಲ್ಲ. ಹಳೆಯ ರೇಷ್ಮೆ ಕುಪ್ಪಸದಲ್ಲಿ ಸುತ್ತಿಟ್ಟದ್ದು ಹಾಗೇ ಕಪಾಟಿನಿಂದ ಕಪಾಟಿಗೆ, ಮನೆಯಿಂದ ಮನೆಗೆ ಬಂದಿತ್ತು. ಸಿಯಾಟಲ್‌ನಲ್ಲಿರುವ ಮಗಳಿಗೆ ಅದನ್ನು ಕೊಡುತ್ತೇನೆ ಎಂದಾಗ ಅವಳು ಫೋನಿನಲ್ಲಿ, “ಮಾಮ್, ಇಟ್ಸ್ ಬ್ಯೂಟಿಫುಲ್, ಬಟ್ ವೇರ್ ವುಡ್ ಐ ವೇರ್ ಇಟ್?” ಎಂದಿದ್ದಳು.  ಶಕುಂತಲಾ ಶಿಕಾಗೋದ ಡೆವಾನ್ ರಸ್ತೆಯ ಬೆಳ್ಳಿ ಅಂಗಡಿಯವನಿಗೆ ಫೋನ್ ಮಾಡಿ, ಕರಗಿಸಿ ಊಟದ ತಟ್ಟೆ ಮಾಡಿಕೊಡು ಎಂದು ಮಾತಾಡಿ ಮುಗಿಸಿದ್ದಳು. ಡೆಟ್ರಾಯ್ಟಿನಿಂದ ಬಂದ ಮೇಲೆ ಕೊಟ್ಟುಬರುವುದು ಎಂದು ತೀರ್ಮಾನವಾಗಿತ್ತು.

“ತಟ್ಟಿ ಆದ್ರ ಒಬ್ಬರರೆ ಉಣ್ತಾರ. ಇದು ಕತ್ತಲಿಯೊಳಗ ಬಿದ್ದು ಏನ್ ಮಾಡಬೇಕಾಗೇದ,” ಎಂದಳು. ಮಾತು ಸರಿಯಾಗಿತ್ತು, ಆದರೆ ಹೇಳುತ್ತ ಬಿಲ್ಲೆಯನ್ನು ಸೆರಗಿನಿಂದ ಒರೆಸುತ್ತಿದ್ದಳು. ಕರಗಿಸುವ ವಸ್ತುವನ್ನು ಯಾರೂ ಅಷ್ಟು ಹೊತ್ತು ಒರೆಸುವುದಿಲ್ಲ.

ಬೆಲ್ಟು ಯಾವುದನ್ನೂ ಹಿಡಿದಿರುವುದಿಲ್ಲ, ನೋಡಲಿಕ್ಕೆ ಇರುತ್ತದೆ ಎಂದು ಐಲೀನ್ ಹೇಳಿದ್ದು ನನಗೆ ಆಗ ನೆನಪಾಯಿತು. “ಕರಗಿಸೂಕಿಂತ ಮೊದಲ ಒಮ್ಮೆ ನಾ ಕಟ್ಟಿಕೊಳ್ಳಲೇನು?” ಎಂದೆ. ಶಕುಂತಲಾ ನನ್ನನ್ನು ನೋಡಿದಳು. ಆಮೇಲೆ ನನ್ನ ಹೊಟ್ಟೆಯನ್ನು ನೋಡಿದಳು. ಆ ಎರಡನೆಯ ನೋಟ ವೈದ್ಯಕೀಯವಾಗಿತ್ತು.

“ಕಟ್ಟಿಕೊಳ್ರಿ. ಆದ್ರ ಒಂದ ಮಾತು. ಯಾರರೆ ಕೇಳಿದ್ರ ಇದು ಯಾರದು ಅಂತ ಹೆಸರು ಹಿಡಿದು ಹೇಳಬೇಕು. ನಮ್ಮವ್ವ ಕಟ್ಟಿದ್ದು, ನನ್ನದು.”

“ಮೂಲ ಹೇಳದ ಸುದ್ದಿ ನಾ ಯಾವತ್ತೂ ಬಿಟ್ಟಿಲ್ಲ,” ಎಂದೆ. ಇದು ನಿಜ. ಯಾರು ಹೇಳಿದರು ಎಂಬುದಿಲ್ಲದೆ ಬಂದ ಎಷ್ಟೋ ವರದಿಗಳನ್ನು ನಾನು ಬರೆದವನ ಮೇಜಿಗೇ ವಾಪಸು ಕಳಿಸಿದ್ದೇನೆ.

ಡಾಬು ನನ್ನ ಸೊಂಟಕ್ಕೆ ಬರಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಒಂದೂವರೆ ಗೇಣು ಕಡಿಮೆ ಬಿತ್ತು. ಬಶೀರ್ ಬೆಳ್ಳಿಗೆ ಎಲ್ಲೂ ಸೂಜಿ ತಾಗಿಸದೆ, ಬೆನ್ನಿನ ಕಡೆಗೆ ಬರುವಂತೆ ಕರಿ ಚರ್ಮದ ಪಟ್ಟಿಯೊಂದನ್ನು ಎರಡೂ ತುದಿಯ ಕೊಂಡಿಗಳಿಗೆ ಸಿಕ್ಕಿಸಿಕೊಟ್ಟ. ಪಟ್ಟಿಯ ತುಂಬ ಸಾಲಾಗಿ ತೂತು ಹಾಕಿದ್ದ. ಇಷ್ಟೊಂದು ಯಾಕೆ ಎಂದರೆ, “ಹೊಟ್ಟಿ ಇವತ್ತಿದ್ದಂಗ ನಾಳೆ ಇರೂದಿಲ್ಲ ಸಾಹೇಬ್ರ, ಎರಡೂ ಕಡಿಗೆ ಹಾದಿ ಬಿಟ್ಟೀನಿ,” ಎಂದ.

ಮೆರವಣಿಗೆಯ ಹಿಂದಿನ ದಿನ ನಾನು, ಶಕುಂತಲಾ ಕಾರಿನಲ್ಲಿ ಹೊರಟು, ಡೆಟ್ರಾಯ್ಟ್ ಹತ್ತಿರದ ಆನ್ ಆರ್ಬರ್‌ನಲ್ಲಿರುವ ಅವಳ ದೊಡ್ಡಪ್ಪನ ಮಗಳು ಸರೋಜಕ್ಕನ ಮನೆಯಲ್ಲಿ ಉಳಿದೆವು. ಸರೋಜಕ್ಕನಿಗೆ ಮಾತಿನಲ್ಲಿ ವಾಲ್ಯೂಮ್ ಗುಂಡಿ ಎಂಬುದೊಂದು ಇಲ್ಲ. ಹಾಕಿದರೆ ಪೂರ್ತಿ, ಇಲ್ಲವಾದರೆ ನಿದ್ದೆ. ಡಾಬಿನ ಸುದ್ದಿಯನ್ನು ಅವರಿಗೆ ನಾವು ಹೇಳಲಿಲ್ಲ. ಶನಿವಾರ ಬೆಳಿಗ್ಗೆ ನಾನು ಬ್ಯಾಂಡಿನವರ ಜೊತೆ ಮುಂಚೆ ಹೋದೆ, ಅಕ್ಕತಂಗಿಯರು ಹಿಂದಿನಿಂದ ಬರುವವರಿದ್ದರು.

ಮೈದಾನದಲ್ಲಿ ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ಬ್ಯಾಂಡು ಸಾಲುಗಟ್ಟುವ ಮೊದಲು ಮೈಕಿನಲ್ಲಿ ಘೋಷಣೆ ಮಾಡುವ ಕೆಂಪು ಗಡ್ಡದ ಮನುಷ್ಯ ಬಂದು ಒಬ್ಬೊಬ್ಬರ ಬೆಲ್ಟಿನ ಕಥೆ ಕೇಳಿದ. ರಾಮಿರೋ ಅಜ್ಜನ ಕುದುರೆಯ ಹೆಸರನ್ನೂ ಹೇಳಿದ. ಬೊಝೆನಾ, ಅಪ್ಪ ಚಳಿಗಾಲಕ್ಕೆ ಮೊದಲು ಬೆಟ್ಟದಿಂದ ಕುರಿ ಇಳಿಸಿಕೊಂಡು ಬರುತ್ತಿದ್ದುದನ್ನು ಹೇಳಿದಳು. ನನ್ನ ಸರದಿ ಬಂತು. ಅಕ್ಕಪಕ್ಕ ತೋಳು ತುಂಬ ಹಚ್ಚೆ ಹಾಕಿಸಿಕೊಂಡ ಗಂಡಸರು, ಮರದ ದಿಮ್ಮಿ ಎಸೆಯುವ ಸ್ಪರ್ಧೆಗೆ ಬಂದವರು, ನಿಂತು ಡಾಬನ್ನೇ ನೋಡುತ್ತಿದ್ದರು. ಒಬ್ಬ ಮೆಲ್ಲಗೆ ಶಿಳ್ಳೆ ಹಾಕಿದ. “ಕರ್ನಾಟಕದ್ದು. ನಮ್ಮ ಮನೆತನದ್ದು. ಹಳೆಯದು,” ಎಂದೆ. ಮೂರೂ ಸತ್ಯ. ನಾಲ್ಕನೆಯದು ನಾಲಿಗೆಯ ತುದಿಗೆ ಬಂದಿತ್ತು. ದಿಮ್ಮಿಯವರನ್ನು ನೋಡಿ ಒಳಗೆ ಹೋಯಿತು. ಕೆಂಪು ಗಡ್ಡದವನು ಎರಡು ಕ್ಷಣ ಕಾದು, ಧನ್ಯವಾದ ಹೇಳಿ ಹೋದ. ಸುದ್ದಿಯಲ್ಲಿ ಖಾಲಿ ಜಾಗ ಬಿಟ್ಟರೆ ಅದನ್ನು ಯಾರಾದರೂ ತುಂಬಿಯೇ ತುಂಬುತ್ತಾರೆಂದು ನನಗೆ ತಿಳಿಯದೆ ಇರಲಿಲ್ಲ.

ಅವನು ತುಂಬಿದ. ನಾವು ಮೈದಾನದ ನಡುವೆ ಬಂದಾಗ ಮೈಕಿನಲ್ಲಿ, ಕರ್ನಾಟಕದ ಯೋಧರು ಯುದ್ಧಕ್ಕೆ ಹೋಗುವಾಗ ಸೊಂಟಕ್ಕೆ ಕಟ್ಟುತ್ತಿದ್ದ ಪುರಾತನ ಬೆಳ್ಳಿ ಕವಚವನ್ನು, ಅದರ ಮೇಲೆ ಕಾದಾಡುತ್ತಿರುವ ಹದ್ದುಗಳನ್ನು ನೋಡಿ ಎಂಬ ಮಾತು ಮೊಳಗಿತು. ಜನ ಚಪ್ಪಾಳೆ ತಟ್ಟಿದರು. ನನ್ನ ಬೆನ್ನು ತಾನಾಗಿಯೇ ನೆಟ್ಟಗಾಯಿತು ಎಂಬುದನ್ನೂ ದಾಖಲಿಸಬೇಕು. ಆ ಕ್ಷಣದಲ್ಲಿ ಪೈಪುಗಳು ಒಂದು ಹಾಡು ಮುಗಿಸಿ ಉಸಿರು ತೆಗೆದುಕೊಂಡವು; ಆ ಸಣ್ಣ ಬಿಡುವಿನಲ್ಲಿ ಎಡಗಡೆಯ ಜನರ ನಡುವಿನಿಂದ, ಮೈಕಿಗಿಂತ ಸ್ಪಷ್ಟವಾಗಿ, ಸರೋಜಕ್ಕನ ಧ್ವನಿ ಬಂತು.

“ಏ ಶಕ್ಕು, ಅಲ್ಲೆ ನೋಡ. ನಿನ್ನ ಮದವಿ ಡಾಬು ಹೊಂಟದ.”

ಸರೋಜಕ್ಕನ ಅಕ್ಕಪಕ್ಕ ಕೂತಿದ್ದ ಎರಡು ಕನ್ನಡ ಕುಟುಂಬಗಳು ಒಟ್ಟಿಗೆ ಎದ್ದು ನಿಂತವು. ಇಡೀ ಮೈದಾನದಲ್ಲಿ ಸಾವಿರ ಜನರಿಗೆ ನಾನು ಯೋಧ. ಎಂಟು ಜನರಿಗೆ ಮಾತ್ರ ಮದುಮಗಳು. ಆ ಎಂಟು ಜನ ನಗುತ್ತಿದ್ದರು. ಅವರ ನಡುವೆ ಶಕುಂತಲಾ ಕೈಕಟ್ಟಿ ನಿಂತಿದ್ದಳು. ಅವಳು ನಗುತ್ತಿರಲಿಲ್ಲ.

ಮೆರವಣಿಗೆ ಮುಗಿದ ಮೇಲೆ ಮರದ ನೆರಳಿಗೆ ಹೋದೆ. ಶಕುಂತಲಾ ಡಬ್ಬಿ ಬಿಚ್ಚಿ ನನಗೆ ಚಪಾತಿ ಪಲ್ಯ ಕೊಟ್ಟಳು. ಬೈಯುವವರು ಡಬ್ಬಿ ಮೊದಲು ಬಿಚ್ಚುವುದಿಲ್ಲ ಎಂದು ನಾನು ನೆಮ್ಮದಿಯಿಂದ ತುತ್ತು ಮುರಿದೆ.

“ನಿಮ್ಮ ಪೇಪರಿನ್ಯಾಗ ತಪ್ಪು ಬಂದ್ರ ಏನ್ ಮಾಡತಿದ್ರಿ?” ಎಂದಳು.

“ತಿದ್ದುಪಡಿ ಹಾಕತಿದ್ವಿ.”

“ಎಲ್ಲೆ?”

“ತಪ್ಪು ಬಂದ ಪುಟದಾಗ.”

“ಇದು ಮೈಕಿನ್ಯಾಗ ಬಂದದ,” ಎಂದು ಉಪ್ಪಿನಕಾಯಿ ಮುಂದೆ ಸರಿಸಿದಳು. ಆಮೇಲೆ ಡಾಬನ್ನೇ ನೋಡುತ್ತ, “ನಮ್ಮವ್ವ ಇದನ್ನ ಮೂರು ಸಲ ಬಿಚ್ಚಿ ಮೂರು ಸಲ ಕಟ್ಟಿದ್ಲು. ಯುದ್ಧಕ್ಕಲ್ಲ. ನಾ ಮನಿ ಬಿಟ್ಟು ಹೋಗತೀನಿ ಅಂತ. ಮುಂದಿನ ವಾರ ಇದು ಕರಗಿ ಹೋಗತದ. ಹೋಗೂ ಮುಂದರೆ ಯಾರದಂತ ಗೊತ್ತಿರಲಿ,” ಎಂದಳು.

ಸರೋಜಕ್ಕ ಉಪ್ಪಿನಕಾಯಿಯ ಮುಚ್ಚಳವನ್ನೂ ಸದ್ದಾಗದಂತೆ ಮುಚ್ಚಿದರು. ಅದು ಸಣ್ಣ ಸಂಗತಿಯಲ್ಲ.

ಅರ್ಧ ಚಪಾತಿ ಅಲ್ಲೇ ಬಿಟ್ಟು ಎದ್ದೆ. ಕೆಂಪು ಗಡ್ಡದವನು, ಕುರಿ ಕಾಯುವ ನಾಯಿಗಳ ಸ್ಪರ್ಧೆ ಶುರುವಾಗುವ ಮೊದಲು, ಡೇರೆಯಲ್ಲಿ ನೀರು ಕುಡಿಯುತ್ತಿದ್ದ. ಒಂದು ತಿದ್ದುಪಡಿ ಪ್ರಕಟವಾಗಬೇಕು, ಅದೇ ಮೈಕಿನಲ್ಲಿ, ಅಷ್ಟೇ ಗಟ್ಟಿಯಾಗಿ ಎಂದೆ. ಇಷ್ಟು ವರ್ಷದಲ್ಲಿ ತನ್ನನ್ನು ಯಾರೂ ತಿದ್ದುಪಡಿ ಕೇಳಿಲ್ಲ ಎಂದ. ನೀನೇ ಹೇಳು ಎಂದು ಮೈಕನ್ನು ಕೈಗೆ ಕೊಟ್ಟ. ನಾನು ಇನ್ನೊಬ್ಬರ ಬರಹ ತಿದ್ದಿದವನು. ನನ್ನ ಧ್ವನಿಯನ್ನು ಅಷ್ಟು ದೊಡ್ಡದಾಗಿ ಎಂದೂ ಕೇಳಿರಲಿಲ್ಲ. ಇಂಗ್ಲಿಷಿನಲ್ಲಿ ಹೇಳಿದ್ದರ ಸಾರ ಇಷ್ಟು: “ತಿದ್ದುಪಡಿ. ಬೆಳಿಗ್ಗೆ ಯೋಧರ ಕವಚ ಎಂದು ಹೇಳಿದ್ದು ಸರಿಯಲ್ಲ. ಇದು ಮದುಮಗಳ ಒಡವೆ. ನನ್ನ ಹೆಂಡತಿ ಶಕುಂತಲಾಳದು. ಮದುವೆಯ ದಿನ ಅವಳ ತಾಯಿ ಅವಳಿಗೆ ಕಟ್ಟಿದರು. ಹಕ್ಕಿಗಳು ಹದ್ದಲ್ಲ, ನವಿಲು, ಅವು ಕಾದಾಡುತ್ತಿಲ್ಲ. ಅಪೂರ್ಣ ಮಾಹಿತಿ ಕೊಟ್ಟವನು ನಾನು. ವಿಷಾದಿಸುತ್ತೇನೆ.”

 ಮೊದಲು ಸ್ಪರ್ಧೆಯ ಕುರಿಗಳು ಸದ್ದು ಮಾಡಿದವು. ಆಮೇಲೆ ಬಂದ ಚಪ್ಪಾಳೆ ಬೆಳಗಿನದಕ್ಕಿಂತ ದೊಡ್ಡದೋ ಸಣ್ಣದೋ ಎಂದು ಅಳೆಯುವ ಸ್ಥಿತಿಯಲ್ಲಿ ನಾನಿರಲಿಲ್ಲ. “ಅಂತೂ ಬಾಯಿ ಬಿಟ್ರು,” ಎಂದು ಸರೋಜಕ್ಕ ಹೇಳಿದ್ದು ಮಾತ್ರ ಕೇಳಿಸಿತು.

ನಾನು ಮರದ ನೆರಳಿಗೆ ತಿರುಗಿ ಬರುವಷ್ಟರಲ್ಲಿ ಅಲ್ಲಿ ಹೆಂಗಸರ ಗುಂಪು ಸೇರಿತ್ತು. ನನ್ನನ್ನು ಕಂಬದ ಹಾಗೆ ನಿಲ್ಲಿಸಿಕೊಂಡು, ನನ್ನ ಹೊಟ್ಟೆಯ ಮೇಲಿನ ಬಿಲ್ಲೆಯನ್ನು ಬೆರಳಿನಿಂದ ತೋರಿಸುತ್ತ, ಶಕುಂತಲಾ ಅದರ ಕೀಲು ಹೇಗೆ ಕೂರುತ್ತದೆ, ಸೀರೆಯ ಮೇಲೆ ಎಲ್ಲಿ ಬರುತ್ತದೆ ಎಂದು ವಿವರಿಸಿದಳು. ಅವಳು ಇಷ್ಟು ಮಾತಾಡುವುದನ್ನು ನಾನು ಕ್ಲಿನಿಕ್ಕಿನಲ್ಲಿ ಮಾತ್ರ ಕೇಳಿದ್ದೆ. “ನೀನು ಕಟ್ಟಿಕೊಂಡು ತೋರಿಸು,” ಎಂದರು ಐಲೀನ್. ನನಗೆ ಈಗ ಬರುವುದಿಲ್ಲ ಎಂದಳು ಶಕುಂತಲಾ. ಐಲೀನ್ ಅದನ್ನು ಕೇಳಿಸಿಕೊಳ್ಳದೆ ನನ್ನ ಸೊಂಟದಿಂದ ಬಿಚ್ಚಿ ಅವಳ ಕುರ್ತಾದ ಮೇಲೆ ಸುತ್ತಿದರು. ಬಶೀರ್‌ನ ಪಟ್ಟಿಯಲ್ಲಿ ಒಳಗಿನ ಒಂದು ತೂತು ಹುಡುಕಿ ಸಿಕ್ಕಿಸಿದರು. ಕೀಲು ಕಟಕ್ ಎಂದು ಕೂತಿತು. ಶಕುಂತಲಾ ತಲೆ ಬಗ್ಗಿಸಿ ಬಿಲ್ಲೆಯನ್ನು ಸರಿಯಾಗಿ ನಡುವಿಗೆ ಸರಿಸಿಕೊಂಡಳು.

ವಾಪಸು ಬರುವಾಗಲೂ ಅವಳು ಅದನ್ನು ಬಿಚ್ಚಲಿಲ್ಲ. ಸೀಟ್ ಬೆಲ್ಟ್ ಡಾಬಿನ ಮೇಲೆ ಜಾರಿ ಜಾರಿ ಕಿರಿಕಿರಿ ಮಾಡುತ್ತಿತ್ತು. ಒಂದು ಕೈಯಿಂದ ಹಿಡಿದು ಕೂತಿದ್ದಳು. ಹೈವೇಯಲ್ಲಿ ಕಲಮಝೂ ಊರಿನ ಎಕ್ಸಿಟ್ ದಾಟಿದ ಮೇಲೆ, “ಆ ಅಂಗಡಿಯವನಿಗೆ ನಾವು ಬರಂಗಿಲ್ಲ ಅಂತ ಒಂದು ಫೋನ್ ಮಾಡಿಬಿಡ್ರಿ,” ಎಂದಳು. ಸೋಮವಾರ ಮಾಡಿದೆ.

ಈ ವರ್ಷದ ಮೆರವಣಿಗೆ ಹತ್ತಿರ ಬಂದಿದೆ. ಡಾಬು ಸಿಗುವುದೇ ಎಂದು ಕೇಳಿದೆ. ಆ ದಿನ ತನಗೇ ಬೇಕಾಗಬಹುದು ಎಂದಳು. ಹಾಗಾಗಿ ಹಸಿರು ಬೆಲ್ಟು ಬೋಲಿಂಗ್‌ಬ್ರೂಕಿನ ಮೊಳೆಯಿಂದ ಇಳಿದು ನಮ್ಮ ಮನೆಗೆ ಬಂದಿದೆ. ಭಟ್ಕಳದ ಮಾಮಾನ ಪೂರ್ತಿ ಹೆಸರು, ಅಂಗಡಿ ಯಾವ ರಸ್ತೆಯಲ್ಲಿತ್ತು, ಏನು ಮಾರುತ್ತಿದ್ದರು ಎಂಬುದನ್ನೆಲ್ಲ ಬಶೀರ್‌ನಿಂದ ಎರಡು ಸಲ ಕೇಳಿ ದೃಢಪಡಿಸಿಕೊಂಡಿದ್ದೇನೆ.

ಕಳೆದ ಶನಿವಾರ ನೇಪರ್‌ವಿಲ್ಲಿನಲ್ಲಿ ಗೆಳೆಯರ ಮನೆಯ ಸೀಮಂತಕ್ಕೆ ಶಕುಂತಲಾ ಹಸಿರು ಇಳಕಲ್ ಸೀರೆಯ ಮೇಲೆ ಡಾಬು ಕಟ್ಟಿಕೊಂಡು ಬಂದಿದ್ದಳು. ಊಟದ ಸಾಲಿನಲ್ಲಿ ಯಾರೋ ಹುಡುಗಿ, “ಆಂಟಿ, ಎಷ್ಟು ಚೆನ್ನಾಗಿದೆ, ಯಾರದು ಇದು?” ಎಂದು ಕೇಳಿದಳು. ನಾನು ಹಿಂದೆಯೇ ತಟ್ಟೆ ಹಿಡಿದು ನಿಂತಿದ್ದೆ.

“ನಮ್ಮನಿಯವರದು,” ಎಂದಳು ಶಕುಂತಲಾ. “ಬ್ಯಾಂಡಿಗೆ ಕಟ್ಟಿಕೊಳ್ತಾರ. ಒಂದ್ ದಿನದ ಮಟ್ಟಿಗೆ ಕಡ ಇಸ್ಕೊಂಡೀನಿ.”